ಹುತ್ತದೊಳಗಿನ ತೇವ

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕರಾಜನಿಗೆ ಸಾವು, ಬಿಡುಗಡೆಗಳ ವಿಷಯ ತಿಳಿಸುತ್ತ ಹಾವಿನ ಪೊರೆಯ ಹೋಲಿಕೆ ಕೊಡುತ್ತಾರೆ. ಹಾವು ಕಳಚಿಹೋದ ಪೊರೆ ಹುತ್ತದ ಮೇಲೆ ಜೀವವಿಲ್ಲದೆ ಬಿದ್ದಿರುವಂತೆ, ಎದೆಯೊಳಗಿನ ಆಸೆಗಳೆಲ್ಲ ಸಡಿಲಿಹೋದವನ ದೇಹವೂ ಬಿದ್ದಿರುತ್ತದೆ ಎಂಬುದು ಅದರ ಸಾರ. ನಮ್ಮ ಯಜಮಾನರು ತೀರಿಕೊಂಡಾಗ ಹನ್ನೊಂದನೆಯ ದಿನದ ತಿಥಿಗೆ ಬಂದಿದ್ದ ಹಿರಿಯರೊಬ್ಬರು ಇದನ್ನೇ ನನಗೆ ಸಮಾಧಾನವಾಗಿ ಹೇಳಿದರು. "ಹಾವು ಪೊರೆ ಬಿಡಲ್ವಾ ನರ್ಸಮ್ಮ, ಹಂಗೇ ಬಿಟ್ಟುಬುಡಿ. ಒಳಗೆ ಹಸಿ ಇಟ್ಕಬೇಡಿ, ಒಣಗಿಸಿಬುಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಓದಿಕೊಂಡವರು, ನಾಲ್ಕು ಸಾವು ಕಂಡವರು.

ಆದರೆ ಹಾವು ಪೊರೆ ಬಿಡುವುದು ಒಣಗಿಸಿಕೊಂಡು ಅಲ್ಲ. ಒಣಗಿದರೆ ಪೊರೆ ಬಿಡುವುದೇ ಇಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ, ವೈರಾಗ್ಯದ ಬಗ್ಗೆ ನಾವು ತಲೆತಲಾಂತರದಿಂದ ಆಡಿಕೊಂಡು ಬಂದ ಮಾತಿನಲ್ಲಿ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ ಅನ್ನಿಸತೊಡಗಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಆರೋಗ್ಯ ಇಲಾಖೆಯಲ್ಲಿ ಎ.ಎನ್.ಎಂ. ಆಗಿದ್ದವಳು. ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು, ಡ್ರೆಸ್ಸಿಂಗ್ ಅಂತ ಓಡಾಡಿ ನಿವೃತ್ತಿಯಾಗಿ ಈಗ ಬೆಳಕವಾಡಿಯ ಮನೆಯಲ್ಲಿದ್ದೇನೆ. ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ಅವರು ಹೋದ ಮೇಲೆ ಬೀರುವಿನಲ್ಲಿದ್ದ ಅವರ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ ಓದುತ್ತ ಬಂದೆ. ಉಪನಿಷತ್ತುಗಳ ಕನ್ನಡ ಅನುವಾದ, ಬುದ್ಧನ ಮಾತುಗಳು, ವಚನಗಳು, ಜೈನ ಪುರಾಣಗಳು. ಪಂಡಿತರ ಹಾಗೆ ಓದಲು ನನಗೆ ಬಾರದು. ಇಲ್ಲಿ ಗಾಯ ಎಲ್ಲಿದೆ, ನೋವು ಯಾರಿಗೆ, ಅವರನ್ನು ನೋಡಿಕೊಳ್ಳುತ್ತಿರುವವರು ಯಾರು ಅಂತ ಹುಡುಕುತ್ತ ಓದುತ್ತೇನೆ. ಕೆಲಸದಿಂದ ಬಂದ ಅಭ್ಯಾಸ, ಬಿಡುವುದಿಲ್ಲ.

ಹಾವು ಬಂದದ್ದು ಮಗಳ ಮಗನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನ ಬಳಿ ಒಂದು ಬಾಲ್ ಪೈಥಾನ್ ಇದೆ. ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು, ವಿಷವಿಲ್ಲ, ಬೆಳೆದರೂ ನಾಲ್ಕೈದು ಅಡಿ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗಿಬಿಡುತ್ತದೆ, ಅದಕ್ಕೇ ಅವನಿಟ್ಟ ಹೆಸರು ಗುಂಡ. ಕಂಪನಿಯವರು ಅವನನ್ನು ಕೆಲವು ತಿಂಗಳ ಮಟ್ಟಿಗೆ ಪುಣೆಗೆ ಕಳಿಸಿದಾಗ ಗಾಜಿನ ಪೆಟ್ಟಿಗೆ ಸಮೇತ ತಂದು ನನ್ನ ಹಿತ್ತಲ ಕೋಣೆಯಲ್ಲಿಟ್ಟ. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಹೊರದೇಶದ ಜೀವಿಯಾದರೆ ಸರ್ಕಾರದ ಪರಿವೇಶ್ ತಾಣದಲ್ಲಿ ನೋಂದಾಯಿಸಿರಬೇಕು. ಆ ಕಾಗದ ನೋಡಿದ ಮೇಲೇ ನಾನು ಹೂಂ ಅಂದದ್ದು. 2023ರಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಸೂಟ್‌ಕೇಸಿನಲ್ಲಿ ತುಂಬಿ ತಂದ 234 ಜೀವಿಗಳು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದವು, ಅದರಲ್ಲಿ ಹೆಬ್ಬಾವುಗಳಿದ್ದವು, ಸತ್ತುಹೋದ ಕಾಂಗರೂ ಮರಿಯೂ ಇತ್ತು. ಮರುವರ್ಷ ಅದೇ ದಾರಿಯಲ್ಲಿ 10 ಹಳದಿ ಅನಕೊಂಡಾಗಳು. ಪೇಪರಿನಲ್ಲಿ ಓದಿ ಹೊಟ್ಟೆ ತೊಳಸಿದ ಹಾಗಾಗಿತ್ತು. ಅಂಥ ಪಾಪದಲ್ಲಿ ನನಗೆ ಪಾಲು ಬೇಡ.

ಹಾವಿನ ಮೇಲೆ ನನಗೆ ಮೊದಲಿಂದ ಮೋಹವೇನಿರಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡು ಬಂದವರ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಿಡಿದು, 20 ನಿಮಿಷಕ್ಕೆ ಹೆಪ್ಪುಗಟ್ಟುತ್ತದೋ ಇಲ್ಲವೋ ಅಂತ ಗಡಿಯಾರ ನೋಡಿಕೊಂಡು ನಿಂತವಳು ನಾನು. ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ರಕ್ತವನ್ನು ನೋಡಿದವರಿಗೆ ಹಾವೆಂದರೆ ದೇವರು ಅನ್ನಲು ಬಾಯಿ ಬರುವುದಿಲ್ಲ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದಾಗ, ಇದು ಎಷ್ಟೋ ವರ್ಷ ಮೊದಲೇ ಆಗಬೇಕಿತ್ತು ಅನ್ನಿಸಿತು. ಪಕ್ಕದ ಮನೆಯ ದೊಡ್ಡವ್ವನಿಗೆ ಮಾತ್ರ ಈ ತಕರಾರಿಲ್ಲ. "ಹಾವ್ನ ಮನೇಲಿ ಮಡೀಕಂಡಿದ್ದೀಯಂತಲ್ಲವ್ವಾ" ಅಂತ ಬಂದವರು ಕೋಣೆಯ ಹೊಸ್ತಿಲಾಚೆಯೇ ನಿಂತು ಕೈಮುಗಿದು, ಸೆರಗನ್ನು ಬಾಯಿಗೆ ಹಿಡಿದುಕೊಂಡು ನೋಡಿದರು. ಭಯ, ಭಕ್ತಿ ಎರಡೂ ಅವರಲ್ಲಿ ಒಟ್ಟಿಗೇ ಇದ್ದವು. ಒಂದು ಇನ್ನೊಂದನ್ನು ಕೆಡಿಸಿರಲಿಲ್ಲ.

ಗುಂಡ ಬಂದಾಗ ಅದರ ಮೈ ಸರಿಯಿರಲಿಲ್ಲ. ಎ.ಸಿ. ಗಾಳಿಯಲ್ಲಿ ಬಿಟ್ಟ ಪೊರೆ ಪೂರ್ತಿ ಬಿಟ್ಟಿರಲಿಲ್ಲ. ಬೆನ್ನ ಮೇಲೆ ಚೂರುಗಳು, ಬಾಲದ ತುದಿಗೆ ಸುತ್ತಿಕೊಂಡು ಬಿಗಿದ ಒಂದು ಪಟ್ಟಿ, ಎಡಗಣ್ಣಿನ ಮೇಲೆ ಮಂಕು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಒಂದು ಪಾರದರ್ಶಕ ಮುಚ್ಚಳ. ಪ್ರತಿ ಸಲವೂ ಆ ಮುಚ್ಚಳ ಪೊರೆಯ ಜೊತೆಯಲ್ಲೇ ಕಳಚಿ ಹೊಸದು ಕಾಣಿಸಿಕೊಳ್ಳಬೇಕು. ಇದಕ್ಕೆ ಎಡಗಣ್ಣಿನದು ಕಳಚಿರಲಿಲ್ಲ. ಬಾಲದ ಪಟ್ಟಿ ಒಣಗಿ ಇನ್ನಷ್ಟು ಬಿಗಿದರೆ ರಕ್ತ ಓಡದೆ ತುದಿ ಸತ್ತುಹೋಗುತ್ತದೆ.

ಪೊರೆ ಬಿಡುವುದೆಂದರೆ ಏನೆಂದು ನಾನು ಕಲಿತದ್ದು ಆಗ. ಮೊದಲು ಹಳೆಯ ಚರ್ಮದ ಅಡಿಯಲ್ಲಿ ಹೊಸ ಚರ್ಮ ಪೂರ್ತಿ ತಯಾರಾಗುತ್ತದೆ. ಆಮೇಲೆ ಎರಡರ ನಡುವೆ ತೆಳ್ಳಗೆ ದ್ರವ ಊರಿ ಒಂದನ್ನು ಇನ್ನೊಂದರಿಂದ ಬಿಡಿಸುತ್ತದೆ. ಆ ದಿನಗಳಲ್ಲಿ ಹಾವಿನ ಬಣ್ಣ ಮಾಸುತ್ತದೆ, ಕಣ್ಣು ಮಬ್ಬು ನೀಲಿಯಾಗಿ ಸರಿಯಾಗಿ ಕಾಣದು. ಊಟ ಬೇಡ, ಮುಟ್ಟಿದರೆ ಸಿಡುಕು. ಪೊರೆ ಬಂದ ಹಾವಿನ ತಂಟೆಗೆ ಹೋಗಬೇಡ ಎಂದು ನಮ್ಮ ಕಡೆ ಹೇಳುವುದು ಇದಕ್ಕೇ. ಕೆಲವು ದಿನ ಕಳೆದು ಕಣ್ಣು ಮತ್ತೆ ತಿಳಿಯಾಗುತ್ತದೆ. ನೋಡುವವರು ಮುಗಿಯಿತು ಅಂದುಕೊಳ್ಳುತ್ತಾರೆ, ಪೊರೆ ಕಳಚುವುದು ಅದಾದ ಮೇಲೆ. ಒರಟಾದ ಕಲ್ಲಿಗೋ ಬೇರಿಗೋ ಮೂತಿ ಉಜ್ಜಿ, ತುಟಿಯ ಬಳಿ ಬಿಡಿಸಿಕೊಂಡು, ಹಾವು ತನ್ನ ಹಳೆಯ ಮೈಯೊಳಗಿಂದ ಮುಂದಕ್ಕೆ ಹರಿದುಬರುತ್ತದೆ. ಪೊರೆ ಒಳಮೈ ಹೊರಗಾಗಿ, ಒಂದೇ ತುಂಡಾಗಿ, ಹಾವಿಗಿಂತ ಉದ್ದವಾಗಿ ಹಿಂದೆ ಉಳಿಯುತ್ತದೆ.

ಇಷ್ಟೂ ನಡೆಯುವುದಕ್ಕೆ ಸುತ್ತಲ ಗಾಳಿಯಲ್ಲಿ ತೇವ ಬೇಕು. ಈ ಜಾತಿಗೆ ಉಳಿದ ದಿನಗಳಲ್ಲಿ ಶೇಕಡಾ 55ರಿಂದ 60, ಪೊರೆ ಬಂದಾಗ 70ರ ಆಸುಪಾಸು. ಗಾಳಿ ಒಣಗಿದ್ದರೆ ಹಳೆಯದು ಬಿಗಿದು, ಹರಿದು, ಹೊಸದಕ್ಕೇ ಅಂಟಿಕೊಳ್ಳುತ್ತದೆ. ಹಾಗೆಂದು ನೀರು ಸುರಿದು ಗಾಳಿಯಾಡದಂತೆ ಮುಚ್ಚಿಟ್ಟರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕಾಗುತ್ತದೆ.

ಇದನ್ನು ತಿಳಿದಾಗ ನನಗೆ ನೆನಪಾದದ್ದು ತರಬೇತಿಯ ಕಾಲದಲ್ಲಿ ಕಂಡ ಸುಟ್ಟಗಾಯದ ವಾರ್ಡು. ಸೀಮೆಎಣ್ಣೆ ಸ್ಟೌ ಸಿಡಿದು ಬಂದ ಹೆಂಗಸರೇ ಅಲ್ಲಿ ಜಾಸ್ತಿ. ಸಿಡಿದದ್ದು ಸ್ಟೌ ಅಂತ ಬರೆಸುತ್ತಿದ್ದರು. ಗಾಯಕ್ಕೆ ಹಾಕಿದ ಗಾಜ್ ಬಟ್ಟೆ ಮರುದಿನಕ್ಕೆ ಒಣಗಿ ಅಂಟಿರುತ್ತಿತ್ತು. ನಮ್ಮ ಸಿಸ್ಟರ್ ಕಲಿಸಿದ ಮೊದಲ ಪಾಠ, ಎಳೆಯಬೇಡಿ. ಸಲೈನ್ ನೀರನ್ನು ಬಟ್ಟೆಯ ಮೇಲೆ ನಿಧಾನವಾಗಿ ಹನಿಸಿ, ಕಾಯಿರಿ, ಮತ್ತೆ ಹನಿಸಿ. ಅದು ತಾನಾಗಿ ಎದ್ದು ಬರುತ್ತದೆ. ಆತುರದಲ್ಲಿ ಎಳೆದರೆ ಬಟ್ಟೆಯ ಜೊತೆಗೆ, ಆಗತಾನೇ ಮೂಡುತ್ತಿರುವ ಎಳೆಯ ಚರ್ಮವೂ ಕಿತ್ತು ಬರುತ್ತದೆ. ಆ ವಾರ್ಡಿನಲ್ಲಿ ನಾನು ಕಲಿತ ಇನ್ನೊಂದು ಸಂಗತಿ, ಚರ್ಮವಿಲ್ಲದ ಮೈ ಎಂದರೆ ಏನು ಎಂಬುದು. ಮೈಯ ನೀರು ಸೋರಿಹೋಗುತ್ತದೆ, ಸೋಂಕು ನುಗ್ಗುತ್ತದೆ, ಫ್ಯಾನಿನ ಗಾಳಿ ತಾಗಿದರೂ ಚೀರುವಷ್ಟು ಉರಿ. ಹೊದಿಕೆಯೆಲ್ಲ ಕಳಚಿಹೋಗಿ ಮಲಗಿರುವ ಆ ಹೆಂಗಸನ್ನು ಯಾವ ವೇದಾಂತಿಯೂ ಮುಕ್ತಳು ಅನ್ನಲಾರ.

ಆದರೆ ಹಾವು ಯಾವತ್ತೂ ಚರ್ಮವಿಲ್ಲದೆ ಇರುವುದಿಲ್ಲ. ಒಂದು ಗಳಿಗೆ ಕೂಡ. ಹೊಸದು ಸಿದ್ಧವಾಗದೆ ಹಳೆಯದು ಹೋಗುವುದಿಲ್ಲ. ಯಾಜ್ಞವಲ್ಕ್ಯರ ಹೋಲಿಕೆಯನ್ನು ತ್ಯಾಗಕ್ಕೆ ಬಳಸುವವರು ಬಿದ್ದ ಪೊರೆಯನ್ನು ನೋಡುತ್ತಾರೆ. ಅದು ಬೀಳುವುದಕ್ಕೆ ಮೊದಲು ಒಳಗೆ ಏನು ಬೆಳೆಯಿತು, ಏನು ಒಸರಿತು ಅಂತ ಕೇಳುವುದಿಲ್ಲ. ವೇದಾಂತ ಬಲ್ಲವರು ಇದಕ್ಕೆ ಉತ್ತರ ಕೊಡುತ್ತಾರೆ: ಹೋಲಿಕೆಯನ್ನು ಎಲ್ಲ ಕಡೆಗೂ ಎಳೆಯಬಾರದು, ಅಲ್ಲಿ ಹೇಳಿರುವುದು ಬಿದ್ದ ದೇಹದ ಬಗ್ಗೆ ಮಾತ್ರ, ಆತ್ಮಕ್ಕೆ ಚರ್ಮ ಎಲ್ಲಿಯದು? ಸರಿಯಾದ ಮಾತೇ. ಪೂರ್ಣನಾದವನ ವಿಷಯ ನಾನು ಮಾತಾಡಲಾರೆ. ನಾನು ಕೇಳುತ್ತಿರುವುದು ಇನ್ನೂ ದಾರಿಯಲ್ಲಿರುವವರ ಬಗ್ಗೆ. ಗಂಡ ಹೋದವಳು, ಮಗು ಕಳೆದುಕೊಂಡವಳು, ಕುಡಿತ ಬಿಡಲು ಹೊರಟವನು, ಮನೆ ಬಿಟ್ಟು ಮಠ ಸೇರಿದ ಹುಡುಗ. ಇವರಿಗೆಲ್ಲ ನಾವು ಕೊಡುವ ಉಪದೇಶ ಒಂದೇ, ಬಿಟ್ಟುಬಿಡು. ಹೇಗೆ ಬಿಡುವುದು? ಪೊರೆಯನ್ನು ಹಾವು ಬಿಡುವುದೂ ಅಲ್ಲ, ಕೀಳುವುದೂ ಅಲ್ಲ. ಅದು ಬಿಟ್ಟುಹೋಗುವ ಸ್ಥಿತಿಯಲ್ಲಿ ಇರುತ್ತದೆ, ಅಷ್ಟೇ.

ಆ ಸ್ಥಿತಿ ಯಾವುದು ಎನ್ನುವುದು ಉಪನಿಷತ್ತಿನ ಆ ಮಾತಿನಲ್ಲೇ ಇದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಪೊರೆ ಬಿದ್ದದ್ದು ಎಲ್ಲಿ? ಬಂಡೆಯ ಮೇಲಲ್ಲ, ಮರಳಿನ ಮೇಲಲ್ಲ, ಹುತ್ತದ ಮೇಲೆ. ಯಾರೋ ಋಷಿ ಅದನ್ನು ನಿಜವಾಗಿ ನೋಡಿದ್ದಾನೆ. ಹಾವು ಪೊರೆ ಬಿಡಲು ಹುತ್ತಕ್ಕೆ ಯಾಕೆ ಹೋಗುತ್ತದೆ ಎಂದು ಅವನು ಬರೆಯಲಿಲ್ಲ, ಕಂಡದ್ದನ್ನು ಕಂಡ ಹಾಗೆ ಇಟ್ಟ.

ನಮ್ಮ ಹೊಲದ ಬದುವಿನಲ್ಲಿ ಆಳುದ್ದದ ಹುತ್ತವಿದೆ. ಅದನ್ನು ಕಟ್ಟಿದ್ದು ಗೆದ್ದಲು. ಹುತ್ತದ ಒಳಗೆ ಗೆದ್ದಲು ಅಣಬೆಯ ತೋಟ ಬೆಳೆಸುತ್ತದೆ, ಆ ಅಣಬೆಗೆ ತೇವ ಬೇಕು, ಅದಕ್ಕಾಗಿ ನೆಲದಾಳದ ಒದ್ದೆ ಮಣ್ಣನ್ನು ಕಾಳು ಕಾಳಾಗಿ ಹೊತ್ತು ತಂದು ಗೋಡೆ ಕಟ್ಟುತ್ತದೆ. ಹೊರಗೆ ಶಿವರಾತ್ರಿ ಕಳೆದ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು, ತೇವ, ಕತ್ತಲು, ಅಲುಗಾಡದ ಗಾಳಿ. ಮುಂಗಾರಿನ ಮೊದಲ ಮಳೆಗಳಲ್ಲಿ ಅದರ ಬುಡದಲ್ಲಿ ಏಳುವ ಬಿಳಿ ಅಣಬೆಯನ್ನು ನಾವು ಕಿತ್ತು ಸಾರು ಮಾಡಿದ್ದೇವೆ. ಗೆದ್ದಲು ತನ್ನ ಹೊಟ್ಟೆಪಾಡಿಗೆ ಕಾಪಾಡಿಕೊಂಡ ತೇವ ಹಾವಿಗೆ ಪುಕ್ಕಟೆ ಸಿಗುತ್ತದೆ. ಗುಂಡನ ತವರಿನಲ್ಲೂ ಹೀಗೆಯೇ. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಬಾಲ್ ಪೈಥಾನ್ ಹಗಲು ಕಳೆಯುವುದು ಇಲಿಯ ಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ.

ಷಷ್ಠಿಯ ದಿನ ನಮ್ಮ ಕಡೆ ಹೆಂಗಸರು ಉಪವಾಸವಿದ್ದು ಹುತ್ತಕ್ಕೆ ತನಿ ಎರೆಯುತ್ತಾರೆ. ಹಾಲು, ತುಪ್ಪ, ತಂಬಿಟ್ಟು, ಚಿಗಳಿ. ಹಾವ್ಯಾಕೆ ಹಾಲು ಕುಡಿಯುತ್ತದೆ, ಅದರ ಹೊಟ್ಟೆಗೆ ಅದು ಒಗ್ಗದು, ಇದನ್ನು ನಾನೂ ಶಾಲೆ ಶಾಲೆಗೆ ಹೋಗಿ ಹೇಳಿದ್ದೇನೆ. ಬಸವಣ್ಣನವರು ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ಹಾವನ್ನು ಕೊಲ್ಲುವವರ ಬಗ್ಗೆ ಆಡಿದ ಮಾತು ಇವತ್ತಿಗೂ ನಮ್ಮ ಊರುಗಳಿಗೆ ತಾಗುತ್ತದೆ, ತಾಗಬೇಕು. ಆದರೂ ಒಂದು ವಿಷಯದಲ್ಲಿ ನಮ್ಮ ಅಜ್ಜಿಯರ ಪರವಾಗಿ ನಿಲ್ಲುತ್ತೇನೆ. ಅವರು ಪೂಜೆ ಮಾಡಿದ್ದು ಬಿದ್ದ ಪೊರೆಯನ್ನಲ್ಲ. ಹಾವನ್ನು ಹಿಡಿದು ತಂದು ಕೂರಿಸಿಕೊಂಡೂ ಅಲ್ಲ. ಹಾವು ಬದಲಾಗುವ ಜಾಗಕ್ಕೆ ನಡೆದುಹೋಗಿ, ಅರಿಸಿನ ಕುಂಕುಮ ಇಟ್ಟು, ಅಲ್ಲಿಗೆ ತಣ್ಣಗಿನದನ್ನು ಎರೆದು, ತಿರುಗಿ ನೋಡದೆ ಬಂದರು. ಒಳಗೆ ಕೈ ಹಾಕಲಿಲ್ಲ. ಹುತ್ತ ಅಗೆಯುವುದು ನಮ್ಮ ಕಡೆ ಇವತ್ತಿಗೂ ಪಾಪ. ಈ ಎಚ್ಚರ ವೇದಾಂತದ ದೊಡ್ಡ ಮಾತುಗಳಿಗಿಂತ ನಿಜಕ್ಕೆ ಹತ್ತಿರವಿದೆ ಎಂದು ನಾನು ನಂಬುತ್ತೇನೆ. ಹಾಲಿನ ಬದಲು ನೀರು ಎರೆಯಿರಿ ಎಂದು ಮಾತ್ರ ಈಗಲೂ ಹೇಳುತ್ತೇನೆ.

ಬೇಡನೊಬ್ಬ ಹುತ್ತದೊಳಗೆ ಕೂತು ಋಷಿಯಾಗಿ ಹೊರಬಂದ ಕಥೆ ಎಲ್ಲರಿಗೂ ಗೊತ್ತು. ವಾಲ್ಮೀಕಿ ಅಲ್ಲಿ ಒಣಗಿದ್ದರೆ, ಹೊರಬಂದು ಒಂದು ಕ್ರೌಂಚ ಪಕ್ಷಿಯ ಸಾವಿಗೆ ಅಷ್ಟು ಕರಗುತ್ತಿದ್ದನೇ? ದಾರಿಹೋಕರನ್ನು ಕೊಂದ ಕೈ ಅದು. ಹಕ್ಕಿಯೊಂದು ಬಿದ್ದದ್ದಕ್ಕೆ ಅಳುವ ಮನುಷ್ಯ ಆ ಮಣ್ಣಿನೊಳಗೆ ತಯಾರಾದ.

ಇನ್ನೂ ಸ್ಪಷ್ಟವಾಗಿ ಇದನ್ನು ಹೇಳುವವನು ಬಾಹುಬಲಿ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದನೆಂದು ಹೇಳುವ ಮೂರ್ತಿಯ ಕಾಲಬಳಿ ಎರಡೂ ಕಡೆ ಹುತ್ತ ಕಡೆದಿದ್ದಾರೆ, ಅದರ ಬಾಯಿಗಳಿಂದ ಹಾವುಗಳು ಹೊರಬರುತ್ತಿವೆ. ನಮ್ಮ ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲೂ ಒಬ್ಬ ಬಾಹುಬಲಿ ಇದ್ದಾನೆ, ಯಜಮಾನರು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನಾನೂ ಹೋಗಿದ್ದೆ. ಬಾಹುಬಲಿ ಅಣ್ಣನನ್ನು ಗೆದ್ದೂ ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಅನ್ನ ನೀರು ಬಿಟ್ಟು ಒಂದು ವರ್ಷ ನಿಂತ. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೊನೆಯ ಒಂದು ಚೂರು ಬಿಡಲಿಲ್ಲ. ನಮ್ಮಲ್ಲಿ ಹೇಳುವ ಕಥೆಯಲ್ಲಿ ಆ ಚೂರು, ತಾನು ನಿಂತಿರುವ ನೆಲ ಅಣ್ಣ ಭರತನದು ಎಂಬ ನೋವು. ಎಷ್ಟು ಬಿಗಿಯಾಗಿ ನಿಂತರೂ ಅದು ಹೋಗಲಿಲ್ಲ. ಕೊನೆಗೆ ಭರತ ಬಂದ. ಗೆದ್ದ ತಮ್ಮನ ಕಾಲಿಗೆ ಸೋತ ಅಣ್ಣ ಬಾಗಿದ. ಆಗ ಕೇವಲಜ್ಞಾನವಾಯಿತು. ಲೋಕದಲ್ಲೇ ಅತಿ ಕಠಿಣ ಎನ್ನಿಸಿದ ತಪಸ್ಸು, ಅಂಟಿಕೊಂಡ ಕೊನೆಯ ಪೊರೆಯನ್ನು ಬಿಡಿಸಲು ಇನ್ನೊಬ್ಬರ ಪ್ರೀತಿಗೆ ಕಾಯಬೇಕಾಯಿತು. ಈ ಕಥೆ ಕಟ್ಟಿದವರಿಗೆ ಇದು ಗೊತ್ತಿತ್ತು.

ಬೌದ್ಧರ ಸುತ್ತನಿಪಾತ ಶುರುವಾಗುವುದೇ ಹಾವಿನ ಸುತ್ತದಿಂದ. ಹದಿನೇಳು ಪದ್ಯಗಳು, ಪ್ರತಿಯೊಂದರ ಕೊನೆಗೂ ಹಾವು ಹಳೆಯ ಪೊರೆಯನ್ನು ಬಿಡುವ ಮಾತು. ಮೊದಲನೆಯದರಲ್ಲಿ ಎದ್ದ ಕೋಪವನ್ನು ಇಳಿಸಿಕೊಳ್ಳುವುದು, ಮೈಗೆ ಹಬ್ಬುತ್ತಿರುವ ಹಾವಿನ ವಿಷವನ್ನು ಔಷಧಿಯಿಂದ ಇಳಿಸುವುದಕ್ಕೆ ಸಮ ಎಂದಿದೆ. ವಿಷದ ಹಾವು, ಪೊರೆಯ ಹಾವು, ಎರಡೂ ಒಂದೇ ಪದ್ಯದಲ್ಲಿ. ದೊಡ್ಡವ್ವ ಹೊಸ್ತಿಲಲ್ಲಿ ನಿಂತದ್ದು ನೆನಪಾಯಿತು. ಇಲ್ಲಿಯೂ ನನಗೆ ಹಿಡಿಸಿದ್ದು ಔಷಧಿ ಎಂಬುದು. ಕೋಪವನ್ನು ಸುಡು, ಕತ್ತರಿಸು ಅಂತಿಲ್ಲ. ಮದ್ದು ಕೊಟ್ಟು ಇಳಿಸು ಎಂದಿದೆ.

ಫಾಲ್ಗುಣದಲ್ಲಿ ಗುಂಡನ ಕಣ್ಣು ಮಬ್ಬಾಯಿತು. ಬಾಲದ ಪಟ್ಟಿ ಅಷ್ಟರಲ್ಲಿ ಹೋಗಿತ್ತು. ಬೋಗುಣಿಯಲ್ಲಿ ಕೈಗೆ ಬೆಚ್ಚಗೆನ್ನಿಸುವ ನೀರನ್ನು ಹೊಟ್ಟೆ ಮುಳುಗುವಷ್ಟೇ ಹಾಕಿ ಕೂರಿಸಿ, ಆಮೇಲೆ ಒದ್ದೆ ಟವೆಲ್ಲಿನ ಮಡಿಕೆಗಳ ನಡುವೆ ಅದರ ಪಾಡಿಗೆ ಹರಿಯಲು ಬಿಟ್ಟಾಗ ಟವೆಲ್ಲಿನಲ್ಲೇ ಉಳಿದಿತ್ತು. ಎಡಗಣ್ಣಿನ ಹಳೆಯ ಮುಚ್ಚಳ ಮಾತ್ರ ಆಗ ಹಾಗೇ ಉಳಿದಿತ್ತು. ಮೊಮ್ಮಗ ಫೋನಿನಲ್ಲಿ, "ಅಜ್ಜಿ, ಚಿಮುಟದಲ್ಲಿ ತೆಗೀಬಹುದು ಅಂತ ಒಬ್ರು ಹೇಳ್ತಾರೆ" ಅಂದ. "ಬೇಡ ಕಣೋ. ಅದರಡಿ ಇರೋ ಹೊಸದು ಎಷ್ಟು ತೆಳ್ಳಗಿದೆ ಅಂತ ನಿಂಗೆ ಕಾಣುತ್ತಾ? ಕಿತ್ತರೆ ಕಣ್ಣೇ ಹೋಗುತ್ತೆ. ಮುಂದಿನ ಪೊರೆ ಬರಲಿ, ಎರಡೂ ಒಟ್ಟಿಗೇ ಬರ್ತವೆ" ಅಂದೆ.

ಆದರೆ ಆ ಮುಂದಿನ ಪೊರೆ ಬಂದದ್ದು ಫಾಲ್ಗುಣದ ಒಣ ಹವೆಯಲ್ಲಿ. ಭತ್ತ ಕೊಯ್ದ ಬಯಲಿಂದ ಮಧ್ಯಾಹ್ನ ಬೀಸುವ ಗಾಳಿಗೆ ತೇವ ಅಳೆಯುವ ಮೀಟರು 30ರ ಸುತ್ತ ಬಂದು ನಿಲ್ಲುತ್ತಿತ್ತು. ಕಾವೇರಿ ಇಷ್ಟು ಹತ್ತಿರ ಹರಿದರೂ ಆ ತಿಂಗಳಲ್ಲಿ ಅದರ ತಂಪು ನಮ್ಮ ಗೋಡೆಯ ತನಕ ಬರುವುದಿಲ್ಲ. ಮಳವಳ್ಳಿಯಿಂದ ಸಣ್ಣ ಮಣ್ಣಿನ ಮಡಕೆ ತಂದೆ. ಬಾಯಿಯ ಕಡೆ ಹಾವು ನುಗ್ಗುವಷ್ಟು ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಬೋರಲು ಹಾಕಿದೆ. ಒಳಗೆ ತೆಂಗಿನ ನಾರಿನ ಪುಡಿ, ನೀರಲ್ಲಿ ನೆನೆಸಿ ಹಿಂಡಿದರೆ ಹನಿ ಬೀಳದಷ್ಟು ಒದ್ದೆ. ಮಡಕೆಯನ್ನೂ ನೀರು ಕುಡಿಸಿಟ್ಟೆ. ಪೆಟ್ಟಿಗೆಯ ಮೇಲಿನ ಜಾಲರಿಗೆ ಅರ್ಧದಷ್ಟು ಒದ್ದೆ ಗೋಣಿತಾಟು, ಉಳಿದರ್ಧ ಗಾಳಿಗೆ. ಮೀಟರಿನ ಮುಳ್ಳು 70ಕ್ಕೆ ಏರಿತು. ಗುಂಡ ಮಡಕೆಯೊಳಗೆ ಹೋಗಿ ಉಂಡೆಯಾಯಿತು. ದೊಡ್ಡವ್ವ ನೋಡಿ, "ಹುತ್ತ ಕಟ್ಟಿಕೊಟ್ಟಿದ್ದೀಯ ಬುಡವ್ವ" ಅಂದರು.

ಒಂದು ಬೆಳಗ್ಗೆ ಪೊರೆ ಮಡಕೆಯ ಬಾಯಿಂದ ಹೊರಗೆ ಚಾಚಿಕೊಂಡಿತ್ತು, ಮೂತಿಯಿಂದ ಬಾಲದ ತನಕ ಒಂದೇ ತುಂಡು. ಬೆಳಕಿಗೆ ಹಿಡಿದು ತಲೆಯ ಭಾಗ ನೋಡಿದೆ. ಕಣ್ಣಿನ ಮುಚ್ಚಳಗಳು ಎರಡೂ ಇದ್ದವು, ಎಡಗಡೆಯದು ದಪ್ಪ. ಹಳೆಯದೂ ಅದರ ಜೊತೆಗೇ ಬಂದಿತ್ತು.

ಇದರಲ್ಲಿ ನನ್ನ ಕೈಚಳಕ ಏನೂ ಇಲ್ಲ. ಗೆದ್ದಲು ಸಂಬಳವಿಲ್ಲದೆ ಮಾಡುವ ಕೆಲಸವನ್ನು ಮಾಡಿದೆ, ಅಷ್ಟೇ. ನನ್ನನ್ನು ಕಾಡುವ ಪ್ರಶ್ನೆಯೂ ಅಲ್ಲಿಂದಲೇ ಏಳುತ್ತದೆ. ಈ ಜೀವಿಯನ್ನು ಅದರ ಹುತ್ತದಿಂದ ತೆಗೆದದ್ದು ಯಾಕೆ? ಬೆನಿನ್ ದೇಶದ ವೀದಾ ಎಂಬ ಊರಿನಲ್ಲಿ ಹೆಬ್ಬಾವುಗಳ ಗುಡಿಯೊಂದಿದೆ, ಎದುರಿಗೇ ದೊಡ್ಡ ಚರ್ಚು. ಆ ಗುಡಿಯಲ್ಲಿರುವುದು ಗುಂಡನ ಜಾತಿಯ ಹಾವುಗಳೇ. ವೊಡೂನ್ ಧರ್ಮದವರಿಗೆ ಅವು ದಾಂಗ್ಬೆ ಎಂಬ ದೇವರು. ಮನೆಯೊಳಗೆ ಬಂದರೆ ಹೊಡೆಯುವುದಿಲ್ಲ, ಎತ್ತಿಕೊಂಡು ಹೋಗಿ ಗುಡಿಗೆ ಒಪ್ಪಿಸುತ್ತಾರೆ. ಅದೇ ನೆಲದಿಂದ, ಅಕ್ಕಪಕ್ಕದ ಟೋಗೊ, ಘಾನಾಗಳಿಂದ, ಅದೇ ಹಾವು ಲೆಕ್ಕವಿಲ್ಲದಷ್ಟು ಚೀಲಗಳಲ್ಲಿ ಸಾಕುವವರ ಮನೆಗಳಿಗೆ ಮಾರಾಟವಾಗಿ ಹೋಗಿದೆ. ಗುಂಡ ಹುಟ್ಟಿದ್ದು ಪೆಟ್ಟಿಗೆಯಲ್ಲೇ, ಕಾಡು ಕಂಡದ್ದಲ್ಲ, ಅದನ್ನು ಈಗ ಯಾವ ಕಾಡಿಗೂ ಬಿಡುವಂತಿಲ್ಲ. ನಮ್ಮ ಹೊಲಕ್ಕೆ ಬಿಟ್ಟರೆ ಅದಕ್ಕೂ ಕೇಡು, ಇಲ್ಲಿನ ಜೀವಗಳಿಗೂ ಕೇಡು. ಹೀಗಿರುವಾಗ ಸಾಕುವುದು ಪುಣ್ಯವಲ್ಲ, ತೀರಿಸಬೇಕಾದ ಋಣ. ಹುತ್ತ ಕಿತ್ತುಕೊಂಡವರು ತೇವ ಕೊಡಬೇಕು. ಮನುಷ್ಯರ ವಿಷಯದಲ್ಲೂ ನಾನು ಇದನ್ನೇ ಹೇಳುತ್ತೇನೆ. ಒಬ್ಬ ಹುಡುಗನಿಗೆ ಕಾವಿ ತೊಡಿಸುವವರು, ಅವನ ಸುತ್ತ ಹಳೆಯದು ಬಿಟ್ಟುಹೋಗುವಷ್ಟು ಅಕ್ಕರೆ ಇದೆಯೇ ಎಂದು ಮೊದಲು ನೋಡಬೇಕು. ವಿಧವೆಗೆ ವೈರಾಗ್ಯ ಹೇಳುವವರೂ ಅಷ್ಟೇ.

ನನ್ನ ಸುತ್ತ ಆ ಅಕ್ಕರೆ ಇತ್ತು. ತಿಥಿಯ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ದೊಡ್ಡವ್ವ ದಿನಾ ರಾತ್ರಿ ಮುದ್ದೆ ಉಪ್ಸಾರು ತಂದಿಟ್ಟು, ನಾನು ಉಣ್ಣುವ ತನಕ ಎದುರಿಗೆ ಕೂತಿರುತ್ತಿದ್ದರು. ಬಿಡು ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. ಬಿ.ಜಿ.ಪುರದ ಮಂಟೇಸ್ವಾಮಿ ಮಠದ ಒಕ್ಕಲಿನ ನೀಲಗಾರರೊಬ್ಬರು ಬಂದು ಜಗಲಿಯಲ್ಲಿ ಕೂತು, ತಂಬೂರಿ ಹಿಡಿದು, ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನಲ್ಲಿ ಪಟ್ಟ ಪಾಡನ್ನು ಹಾಡಿದರು. ನಮ್ಮ ಯಜಮಾನರಿಗೆ ಆ ಹಾಡೆಂದರೆ ಪ್ರಾಣ. ಅವತ್ತು ನನಗೆ ಅಳು ಬಂತು, ಅಲ್ಲಿಯ ತನಕ ಬಂದಿರಲಿಲ್ಲ. ಅವರ ಅಂಗಿಗಳನ್ನು ಬೀರುವಿನಿಂದ ತೆಗೆದು ಕೊಡಬೇಕಾದವರಿಗೆ ಕೊಟ್ಟದ್ದು ಆಮೇಲೆ. ಪುಸ್ತಕಗಳನ್ನು ಕೊಡಲಿಲ್ಲ. ಕೊಡಬೇಕು ಎಂದು ನನಗೆ ಅನ್ನಿಸಿಯೂ ಇಲ್ಲ.

ಮೊಮ್ಮಗ ಪುಣೆಯಿಂದ ಬಂದು ಗುಂಡನನ್ನು ಕರೆದುಕೊಂಡು ಹೋಗುವಾಗ ಒಂದು ಕಾಗದ ಬರೆದು ಕೊಟ್ಟೆ. ಕಣ್ಣು ಮಬ್ಬಾದ ದಿನದಿಂದ ಮುಟ್ಟಬೇಡ, ಊಟ ಇಡಬೇಡ. ಎ.ಸಿ. ಇರುವ ಕೋಣೆಯಲ್ಲಿ ಇಡಬೇಡ. ನಾರಿನ ಪುಡಿ ವಾಸನೆ ಬಂದರೆ ಬದಲಾಯಿಸು. ಪೊರೆ ಬಿಟ್ಟ ದಿನ ಅದನ್ನು ಎಸೆಯುವ ಮೊದಲು ಎರಡು ಕಣ್ಣಿನ ಮುಚ್ಚಳ, ಬಾಲದ ತುದಿ ಇದೆಯೇ ನೋಡು. ಉಳಿದುಕೊಂಡಿದ್ದರೆ ತೇವ ಹೆಚ್ಚಿಸು, ಮುಂದಿನ ಪೊರೆಗೂ ಬರದಿದ್ದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗು, ನೀನು ಕೈ ಹಾಕಬೇಡ. ಇದು ಮೂವತ್ತು ವರ್ಷ ಬದುಕುವ ಜೀವ, ನಾನಿರುವುದಿಲ್ಲ. ಮದುವೆಯಾಗುವ ಹುಡುಗಿಗೆ ಈ ವಿಷಯವನ್ನು ಮೊದಲೇ ತಿಳಿಸು.

ಹೋದ ವಾರ ಫೋನು ಮಾಡಿದ್ದ. ಒಬ್ಬಳಿಗೆ ಹೇಳಿದೆ ಅಜ್ಜಿ, ಪೊರೆ ಬಿಡೋವಾಗ ಬಂದು ನೋಡ್ತೀನಿ ಅಂದಳು, ಅಂದ. ಮುಟ್ಟಬೇಡ ಅಂತ ಅವಳಿಗೂ ಹೇಳು ಅಂದೆ.